ಕಾಲ ಕೆಟ್ಟಿದೆ, ನಾವು ಹೇಗೆ ಬದುಕೋದು? ಕ್ರೈಸ್ತ ವಿಶ್ವಾಸಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪಾಸ್ಟರ್ ಅಲ್ಲ, ಫಾದರ್ ಅಲ್ಲ. ಹಾಸನ ಜಿಲ್ಲೆಯ ಒಂದು ತಾಲೂಕು ಕೇಂದ್ರದಲ್ಲಿ ಹಾರ್ಡ್‌ವೇರ್ ಅಂಗಡಿ ನಡೆಸುತ್ತೇನೆ. ಭಾನುವಾರ ಆರಾಧನೆ ಮುಗಿದ ಮೇಲೆ ದೊಡ್ಡ ಮಕ್ಕಳಿಗೆ ಸಂಡೇ ಸ್ಕೂಲ್ ತೆಗೆದುಕೊಳ್ಳುತ್ತೇನೆ. ಪಾಸ್ಟರ್ ಹತ್ತಿರ ಕೇಳಲು ಮುಜುಗರ ಆಗುವ ಪ್ರಶ್ನೆಗಳನ್ನು ಜನ ನನ್ನ ಅಂಗಡಿಯ ಕೌಂಟರಿನ ಮುಂದೆ ನಿಂತು ಕೇಳುತ್ತಾರೆ, ಅರ್ಧ ಕೆಜಿ ಮೊಳೆ ಕಟ್ಟಿಸಿಕೊಳ್ಳುತ್ತಾ. ಹತ್ತಾರು ಸಲ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಎಲ್ಲದಕ್ಕೂ ಪೂರ್ತಿ ಉತ್ತರ ಇಲ್ಲ. ಕೆಲವು ಕಡೆ ನಿಮ್ಮ ಸಭೆಯವರು ಬೇರೆ ಥರ ಹೇಳಬಹುದು, ಹೇಳಲಿ.

ನಿಜವಾಗಲೂ ಕಾಲ ಕೆಟ್ಟಿದೆಯಾ, ಇಲ್ಲ ನಮಗೆ ವಯಸ್ಸಾಗಿದೆಯಾ?

ಎರಡೂ ಸ್ವಲ್ಪ ಸ್ವಲ್ಪ. ಹಿಂದಿನ ದಿನಗಳೇ ಚೆನ್ನಾಗಿದ್ದವು ಅನ್ನಬೇಡ, ಅದು ಬುದ್ಧಿವಂತರ ಮಾತಲ್ಲ ಅಂತ ಬೈಬಲಿನ ಪ್ರಸಂಗಿ ಪುಸ್ತಕದ 7ನೇ ಅಧ್ಯಾಯದ 10ನೇ ವಚನದಲ್ಲೇ ಇದೆ. ಅಂದರೆ ಆ ಕಾಲದವರೂ ಇದೇ ಮಾತು ಆಡುತ್ತಿದ್ದರು ಅಂತಾಯಿತು. ನಮ್ಮ ಅಜ್ಜನ ಕಾಲದಲ್ಲಿ ಸಾಲದ ಆ್ಯಪ್ ಇರಲಿಲ್ಲ, ಆನ್‌ಲೈನ್ ಜೂಜು ಇರಲಿಲ್ಲ, ನಿಜ. ಆದರೆ ಒಂದು ಕೇರಿಯ ಜನ ಊರ ಬಾವಿ ಮುಟ್ಟುವ ಹಾಗಿರಲಿಲ್ಲ. ಹೆಂಡತಿಗೆ ಹೊಡೆಯುವುದು ಮನೆಯ ಒಳಗಿನ ವಿಷಯ ಆಗಿತ್ತು. ಅದನ್ನು ಯಾರೂ ನೈತಿಕ ಕುಸಿತ ಅಂತ ಕರೆಯಲಿಲ್ಲ.

ಇನ್ನೊಂದು ಮಾತು. ಪಾಪಕ್ಕಾಗಿ ದೇವರು ನಾಶ ಮಾಡಿದ ಸೊದೋಮ್ ಊರು ಅಂದ ಕೂಡಲೇ ನಮಗೆ ಒಂದೇ ಪಾಪ, ಕಾಮದ ಪಾಪ, ನೆನಪಾಗುತ್ತದೆ. ಯೆಹೆಜ್ಕೇಲ 16ನೇ ಅಧ್ಯಾಯ 49ನೇ ವಚನ ತೆಗೆದು ನೋಡಿ. ಆ ಊರಿನ ದೋಷ ಏನು ಅಂದರೆ ಗರ್ವ, ಹೊಟ್ಟೆ ತುಂಬಾ ಊಟ, ಯೋಚನೆ ಇಲ್ಲದ ನೆಮ್ಮದಿ, ಬಡವರ ಕೈ ಹಿಡಿಯದೆ ಇದ್ದದ್ದು. ಆಮೋಸನ 8ನೇ ಅಧ್ಯಾಯದಲ್ಲಿ ವ್ಯಾಪಾರಿಗಳು ಸಬ್ಬತ್, ಅಂದರೆ ವ್ಯಾಪಾರ ಮಾಡಬಾರದ ವಿಶ್ರಾಂತಿ ದಿನ, ಯಾವಾಗ ಮುಗಿಯುತ್ತೋ ಅಂತ ಕಾಯುತ್ತಾ ಕೂತಿದ್ದಾರೆ, ಅಳತೆ ಚಿಕ್ಕದು ಮಾಡಿ ಧಾನ್ಯ ಮಾರಬೇಕು ಅಂತ. ಕಾಲ ಕೆಟ್ಟಿದೆ ಅಂದಾಗ ನಮಗೆ ಪಕ್ಕದ ಮನೆ ಹುಡುಗಿಯ ಬಟ್ಟೆ ಕಣ್ಣಿಗೆ ಬೀಳುತ್ತದೆ. ಪ್ರವಾದಿಗಳ ಕಣ್ಣಿಗೆ ಬಿದ್ದದ್ದು ತಕ್ಕಡಿ. ನಾನು ಅಂಗಡಿಯವನಾದ್ದರಿಂದ ಇದು ನನಗೆ ಸ್ವಲ್ಪ ಜಾಸ್ತಿಯೇ ಚುಚ್ಚುತ್ತದೆ.

ಹಾಗಾದರೆ ಲೋಕದ ಸಹವಾಸವೇ ಬೇಡ ಅಂತ ದೂರ ಇರುವುದು ಕ್ಷೇಮ ಅಲ್ವಾ?

ಹಾಗೆ ಇದ್ದವರನ್ನು ನೋಡಿದ್ದೇನೆ. ಟಿವಿ ಇಲ್ಲ, ಮದುವೆ ಮನೆಗೆ ಹೋಗಲ್ಲ, ಊರ ಹಬ್ಬಕ್ಕೆ ಬಾಗಿಲು ಹಾಕುತ್ತಾರೆ. ಆದರೆ ಜಗಳ, ಹೊಟ್ಟೆಕಿಚ್ಚು, ದುಡ್ಡಿನ ಆಸೆ ಇವೆಲ್ಲ ಒಳಗಿನಿಂದಲೇ ಬಾಗಿಲು ತೆಗೆಯುತ್ತವೆ.

ದಾನಿಯೇಲನನ್ನು ನೋಡಿ. ಬಾಬೆಲಿಗೆ ಸೆರೆಯಾಗಿ ಹೋದ ಹುಡುಗ. ಅಲ್ಲಿನ ಭಾಷೆ ಕಲಿತ, ಅಲ್ಲಿನ ವಿದ್ಯೆ ಕಲಿತ, ಅವರು ಇಟ್ಟ ಹೆಸರಿಗೆ ಓಗೊಟ್ಟ, ಅರಮನೆಯಲ್ಲಿ ಸರ್ಕಾರಿ ಕೆಲಸಕ್ಕೂ ಸೇರಿದ. ಬೇಡ ಅಂದದ್ದು ರಾಜನ ಊಟ ಒಂದನ್ನೇ. ಅದನ್ನೂ ಗಲಾಟೆ ಮಾಡಿ ಬೇಡ ಅನ್ನಲಿಲ್ಲ, ಮೇಲ್ವಿಚಾರಕನ ಹತ್ತಿರ ಹೋಗಿ ಹತ್ತು ದಿನ ಪರೀಕ್ಷೆ ಮಾಡಿ ನೋಡಿ ಅಂತ ಕೇಳಿಕೊಂಡ. ಎಲ್ಲಿ ಬಗ್ಗಬಹುದು, ಎಲ್ಲಿ ಬಗ್ಗಬಾರದು ಅನ್ನುವ ಲೆಕ್ಕ ಅವನಿಗೆ ಗೊತ್ತಿತ್ತು. ಎಲ್ಲದಕ್ಕೂ ಬೇಡ ಅನ್ನುವವನ ಒಂದು ಬೇಡಕ್ಕೂ ಬೆಲೆ ಇರುವುದಿಲ್ಲ.

ಅದೇ ಸೆರೆಯವರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರವೂ ಇದೆ, 29ನೇ ಅಧ್ಯಾಯ. ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ಆ ಊರು ಚೆನ್ನಾಗಿರಲಿ ಅಂತ ಪ್ರಾರ್ಥಿಸಿ ಅನ್ನುತ್ತಾನೆ. ಶತ್ರುವಿನ ಊರಿಗಾಗಿ! ನಮ್ಮ ಊರಿನ ಕೆರೆ, ರಸ್ತೆ, ಸರ್ಕಾರಿ ಶಾಲೆ, ಪಂಚಾಯಿತಿ ಸಭೆ ಇವುಗಳ ಬಗ್ಗೆ ನಾವು ಎಷ್ಟು ಸಲ ಪ್ರಾರ್ಥನೆ ಮಾಡಿದ್ದೇವೆ ಅಂತ ಕೇಳಿಕೊಳ್ಳಬೇಕು.

ಬಿಲ್ ಇಲ್ಲದೆ ವ್ಯಾಪಾರ ಮಾಡುವುದು ಪಾಪವಾ? ಎಲ್ಲರೂ ಮಾಡುತ್ತಾರಲ್ಲ.

ಈ ಪ್ರಶ್ನೆ ಕೇಳಿದವರಲ್ಲಿ ನಾನೇ ಮೊದಲಿಗ. ಗಿರಾಕಿ ಬಂದು ಸಿಮೆಂಟು, ಕಂಬಿ, ಬೈಂಡಿಂಗ್ ವೈರ್ ಎಲ್ಲ ಹೇಳಿದ ಮೇಲೆ ಒಂದು ಮಾತು ಬರುತ್ತದೆ: "ಬಿಲ್ ಬೇಡ ಅಣ್ಣ, ರೇಟ್ ನೋಡ್ಕೊಂಡು ಹಾಕು." ಸಿಮೆಂಟಿನ ಮೇಲೆ 28% ಜಿಎಸ್‌ಟಿ ಇದ್ದ ಕಾಲದಲ್ಲಿ ಆ ಮಾತಿಗೆ ಬಹಳ ತೂಕ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು 18% ಆಗಿದೆ. ಮಾತು ಮಾತ್ರ ಹಾಗೇ ಇದೆ.

ನಾನು ಬಿಲ್ ಹಾಕಿಯೇ ಕೊಡುತ್ತೇನೆ ಅಂದರೆ ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತಾನೆ. ಇದನ್ನು ಮುಚ್ಚಿಟ್ಟು ಉಪದೇಶ ಮಾಡುವುದು ಸರಿ ಅಲ್ಲ. ನಾನು ಪೂರ್ತಿ ಬಿಲ್ಲಿಗೆ ಬಂದ ಮೊದಲ ವರ್ಷ ವ್ಯಾಪಾರ ಕಡಿಮೆ ಆಯಿತು. ಹೆಂಡತಿ ಚಿನ್ನ ಅಡ ಇಟ್ಟಳು. ಎರಡನೇ ವರ್ಷ ಸ್ವಲ್ಪ ಸುಧಾರಿಸಿತು, ಯಾಕೆಂದರೆ ಬ್ಯಾಂಕ್ ಸಾಲದಲ್ಲಿ ಮನೆ ಕಟ್ಟುವವರಿಗೆ ಬಿಲ್ ಬೇಕು, ಗುತ್ತಿಗೆದಾರರಿಗೂ ಬೇಕು. ದೇವರು ಆಶೀರ್ವದಿಸಿ ಮೂರು ಪಟ್ಟು ಕೊಟ್ಟ ಅನ್ನುವ ಸಾಕ್ಷಿ ನನ್ನ ಹತ್ತಿರ ಇಲ್ಲ. ಈಗಲೂ ಎದುರಿನ ಅಂಗಡಿಯೇ ದೊಡ್ಡದು.

2025ರ ಜುಲೈನಲ್ಲಿ ಬೆಂಗಳೂರಿನ ಸಣ್ಣ ಅಂಗಡಿ, ಬೇಕರಿಗಳಿಗೆ ಯುಪಿಐ ವ್ಯವಹಾರ ನೋಡಿ ತೆರಿಗೆ ನೋಟಿಸ್ ಬಂತು. ಎಷ್ಟೋ ಜನ ಕ್ಯೂಆರ್ ಕೋಡ್ ಕಿತ್ತು "ಕ್ಯಾಶ್ ಮಾತ್ರ" ಅಂತ ಚೀಟಿ ಅಂಟಿಸಿದರು. ಹಾಲು, ತರಕಾರಿ ಮಾರುವವರ ಭಯ ನನಗೆ ಅರ್ಥ ಆಗುತ್ತದೆ, ತೆರಿಗೆಯೇ ಇಲ್ಲದ ಸಾಮಾನಿಗೆ ನೋಟಿಸ್ ಬಂದರೆ ಯಾರಿಗಾದರೂ ಎದೆ ಒಡೆಯುತ್ತದೆ. ಆದರೆ ಕಾನೂನಿನಲ್ಲೇ ಸಣ್ಣವರಿಗೆ ದಾರಿ ಇದೆ. ಸಾಮಾನು ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೆ ನೋಂದಣಿ ಬೇಡ. ಒಂದೂವರೆ ಕೋಟಿವರೆಗೆ ಕಾಂಪೊಸಿಷನ್ ಸ್ಕೀಮ್ ಅನ್ನುವ ಸರಳ ತೆರಿಗೆ ಪದ್ಧತಿಯಲ್ಲಿ ವಹಿವಾಟಿನ 1% ಕಟ್ಟಿದರೆ ಆಯಿತು. ಒಬ್ಬ ಆಡಿಟರ್ ಹತ್ತಿರ ಅರ್ಧ ಗಂಟೆ ಕೂತು ಕೇಳಿ. ಎಷ್ಟೋ ಸಲ ನಾವು ಕಳ್ಳದಾರಿ ಹಿಡಿಯುವುದು ನೇರ ದಾರಿ ಕೇಳಲು ಸೋಮಾರಿತನ ಆಗಿ.

ತೂಕದ ವಿಷಯವನ್ನೂ ಹೇಳಿಬಿಡುತ್ತೇನೆ. ಮೊಳೆಯನ್ನು ದಪ್ಪ ರಟ್ಟಿನ ಡಬ್ಬಿ ಸಮೇತ ತೂಗಿದರೆ ಕೆಜಿಗೆ ನಲವತ್ತು, ಐವತ್ತು ಗ್ರಾಂ ಉಳಿಯುತ್ತದೆ. ಯಾರೂ ಕೇಳುವುದಿಲ್ಲ. ತಕ್ಕಡಿಗೆ ಮಾಪನ ಇಲಾಖೆಯ ಮುದ್ರೆಯೂ ಇರುತ್ತದೆ, ಅದು ಸರಿಯಾಗೇ ತೂಗುತ್ತದೆ, ರಟ್ಟನ್ನೂ ಸೇರಿಸಿ. ಮೋಸದ ತಕ್ಕಡಿ ದೇವರಿಗೆ ಅಸಹ್ಯ ಅನ್ನುವ ಜ್ಞಾನೋಕ್ತಿ 11ನೇ ಅಧ್ಯಾಯದ ಮೊದಲ ವಚನ ಓದುವಾಗ ನಾನು ತುಂಬಾ ವರ್ಷ ತಕ್ಕಡಿ ಮಾತ್ರ ಯೋಚಿಸಿದ್ದೆ. ರಟ್ಟಿನ ಡಬ್ಬಿ ತಲೆಗೆ ಬಂದೇ ಇರಲಿಲ್ಲ.

ಲಂಚ ಕೊಡದೆ ಯಾವ ಕೆಲಸ ಆಗುತ್ತೆ ಹೇಳಿ?

ಮೊದಲು ನನ್ನ ಕಥೆ. ಕೆಲವು ವರ್ಷದ ಹಿಂದೆ ಅಂಗಡಿ ಜಾಗದ ಖಾತೆ ಬದಲಾವಣೆಗೆ ಅರ್ಜಿ ಹಾಕಿದ್ದೆ. ಐದು ತಿಂಗಳು ಓಡಾಡಿದೆ. ಕೊನೆಗೆ ಒಬ್ಬರ ಮೂಲಕ ₹3,000 ಕವರಿನಲ್ಲಿ ಹೋಯಿತು. ಮುಂದಿನ ವಾರ ಖಾತೆ ಆಯಿತು. ಆ ಭಾನುವಾರ ಸಾಕ್ಷಿ ಹೇಳುವ ಸಮಯದಲ್ಲಿ ನಾನು ಎದ್ದು ನಿಂತು "ದೇವರು ಮುಚ್ಚಿದ ಬಾಗಿಲು ತೆರೆದರು, ಸ್ತೋತ್ರ" ಅಂದೆ. ಸಭೆಯೆಲ್ಲ ಸ್ತೋತ್ರ ಅಂದಿತು. ಪಕ್ಕದ ಸಾಲಿನಲ್ಲಿ ನನ್ನ ಹೆಂಡತಿ ತಲೆ ಎತ್ತಲಿಲ್ಲ. ಮನೆಗೆ ಬಂದ ಮೇಲೆ "ಬಾಗಿಲು ಯಾರು ತೆರೆದದ್ದು ಅಂತ ನಂಗೆ ಗೊತ್ತು ಕಣ್ರಿ" ಅಂದಳು. ಅಷ್ಟೇ ಅಂದದ್ದು. ಲಂಚಕ್ಕಿಂತ ಆ ಸಾಕ್ಷಿಯೇ ನನಗೆ ದೊಡ್ಡ ಪಾಪವಾಗಿ ಕಂಡಿತು, ಇವತ್ತಿಗೂ ಕಾಣುತ್ತದೆ.

ಈಗ ಕಾನೂನು. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಬಂದ ಮೇಲೆ ಕೊಡುವವನೂ ನೇರ ಅಪರಾಧಿ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದ ಒಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಬೇಕು. ನಮ್ಮಲ್ಲಿ 2022ರಲ್ಲಿ ಹೈಕೋರ್ಟ್ ಎಸಿಬಿಯನ್ನು (ಭ್ರಷ್ಟಾಚಾರ ನಿಗ್ರಹ ದಳ) ರದ್ದು ಮಾಡಿದ ಮೇಲೆ ಮತ್ತೆ ಲೋಕಾಯುಕ್ತವೇ ಇದನ್ನು ನೋಡಿಕೊಳ್ಳುತ್ತದೆ.

ಕೊಡದೆ ಇರುವ ದಾರಿಗೆ ತಾಳ್ಮೆ ಬೇಕು, ಕಾಗದ ಬೇಕು. ಸಕಾಲ, ಅಂದರೆ ಗಡುವಿನೊಳಗೆ ಸರ್ಕಾರಿ ಸೇವೆ ಕೊಡಬೇಕು ಅನ್ನುವ ನಮ್ಮ ರಾಜ್ಯದ ಕಾಯ್ದೆ, ಅದರ ವ್ಯಾಪ್ತಿಗೆ ಬರುವ ಕೆಲಸ ಆದರೆ ಅರ್ಜಿ ಕೊಟ್ಟಾಗ 15 ಅಂಕಿಯ ನಂಬರ್ ಇರುವ ಸ್ವೀಕೃತಿ ಕೇಳಿ ಪಡೆಯಿರಿ. ಆ ಚೀಟಿ ಇಲ್ಲದೆ ಹೊರಗೆ ಬರಬೇಡಿ. ಗಡುವು ಮೀರಿದರೆ ಮೇಲಿನ ಅಧಿಕಾರಿಗೆ ಮೇಲ್ಮನವಿ ಹಾಕಬಹುದು, ದಿನಕ್ಕೆ ₹20ರಂತೆ ₹500ವರೆಗೆ ಪರಿಹಾರವೂ ಉಂಟು. ಮೊತ್ತ ನೋಡಿ ನಗಬೇಡಿ, ಆ ಹಣ ತಡ ಮಾಡಿದ ನೌಕರರಿಗೆ ತಟ್ಟುತ್ತದೆ ಅನ್ನುವುದು ಮುಖ್ಯ. ಆಮೇಲೆ ಮಾಹಿತಿ ಹಕ್ಕಿನ ಅರ್ಜಿ, 30 ದಿನ. ನನ್ನ ಮಗಳ ಜಾತಿ ಪ್ರಮಾಣಪತ್ರ, ನನ್ನ ಟ್ರೇಡ್ ಲೈಸೆನ್ಸ್ ಎರಡೂ ಹೀಗೇ ಆದವು. ತಡವಾಗಿ ಆದವು.

ನೀವೇ ಸರ್ಕಾರಿ ನೌಕರರಾದರೆ ಲೂಕ 3ನೇ ಅಧ್ಯಾಯ ಓದಿ. ಸುಂಕದವರು ಬಂದು ನಾವೇನು ಮಾಡಬೇಕು ಅಂದಾಗ ಸ್ನಾನಿಕ ಯೋಹಾನ ಕೆಲಸ ಬಿಡಿ ಅನ್ನಲಿಲ್ಲ. ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ ಅಂದ. ಸೈನಿಕರಿಗೆ, ಜನರನ್ನು ಬೆದರಿಸಿ ಕಿತ್ತುಕೊಳ್ಳಬೇಡಿ, ಸಂಬಳದಲ್ಲಿ ತೃಪ್ತರಾಗಿ ಅಂದ. ಲಂಚದ ದುಡ್ಡಿನಲ್ಲಿ ದಶಾಂಶ ಕೊಡುವವರೂ ಇದ್ದಾರೆ. ಪಾಸ್ಟರ್ ಆ ಕಾಣಿಕೆ ಎಣಿಸುವಾಗ ಕೇಳುವುದಿಲ್ಲ, ಅದೇ ತೊಂದರೆ.

ನಾನು ಮಾಡುವ ಕೆಲಸವೇ ಸರಿಯಿಲ್ಲ ಅನ್ನಿಸುತ್ತೆ. ಬಿಟ್ಟುಬಿಡಬೇಕಾ?

ಬಾರ್‌ನಲ್ಲಿ ಕೆಲಸ ಮಾಡುವ ಹುಡುಗ ಕೇಳಿದ್ದಾನೆ, ಬಡ್ಡಿ ವಸೂಲಿಗೆ ಹೋಗುವವನು ಕೇಳಿದ್ದಾನೆ, ಬೆಂಗಳೂರಿನ ಕಾಲ್ ಸೆಂಟರಿನಲ್ಲಿ ವಯಸ್ಸಾದವರಿಗೆ ಬೇಡದ ಪಾಲಿಸಿ ಮಾರುವ ಹುಡುಗಿ ಅತ್ತುಕೊಂಡು ಕೇಳಿದ್ದಾಳೆ. ಬಿಡು ಅಂತ ಹೇಳುವುದು ಸುಲಭ. ಅವರ ಇಎಂಐ ನಾವು ಕಟ್ಟುತ್ತೇವಾ?

ಇಲ್ಲಿ ಒಂದು ಹಂಚಿನ ಕಥೆ ಹೇಳಬೇಕು. ಹಳೇ ಮನೆ ಕೆಡವಿದಾಗ ಸಿಗುವ ಮಂಗಳೂರು ಹಂಚುಗಳು ನನ್ನ ಅಂಗಡಿಗೂ ಮಾರಾಟಕ್ಕೆ ಬರುತ್ತವೆ. ಪಾಚಿ ಉಜ್ಜಿದರೆ ಕೆಲವದರ ಮೇಲೆ ಬಾಸೆಲ್ ಮಿಷನ್ ಅನ್ನುವ ಅಚ್ಚು, 1865 ಅನ್ನುವ ಇಸವಿ ಕಾಣುತ್ತದೆ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಕ್ರೈಸ್ತರಾದವರಲ್ಲಿ ಬಿಲ್ಲವರು ಬಹಳ ಜನ, ಅವರಲ್ಲಿ ತುಂಬಾ ಮಂದಿಗೆ ಮೂರ್ತೆ ಕೆಲಸ, ಅಂದರೆ ತಾಳೆ, ತೆಂಗಿನ ಮರದಿಂದ ಕಳ್ಳು ಇಳಿಸುವುದು. ಮಿಷನ್ ಆ ಕಸುಬು ಬಿಡಿ ಅಂತಿತ್ತು. ಗೇಣಿ ಜಮೀನು ಇದ್ದವರಿಗೂ ಧರ್ಮ ಬದಲಿಸಿದ ಮೇಲೆ ಅದು ಉಳಿಯುವ ಖಾತ್ರಿ ಇರಲಿಲ್ಲ. ಮತ್ತೆ ಹೊಟ್ಟೆಗೆ? ಅದಕ್ಕೇ ನೇಯ್ಗೆ ಮಗ್ಗಗಳು ಬಂದವು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಬಂತು. ಮೂರ್ತೆ ಕೆಲಸ ಕೀಳು ಅಂತ ನಾನು ಹೇಳುತ್ತಿಲ್ಲ, ಆ ಮಿಷನರಿಗಳ ಕಣ್ಣು ಬೇರೆ, ಕಾಲ ಬೇರೆ. ನನಗೆ ಮುಖ್ಯ ಅನ್ನಿಸುವುದು ಇಷ್ಟು: ಕಸುಬು ಬಿಡು ಅಂದವರು ಇನ್ನೊಂದು ಕಸುಬಿನ ಜವಾಬ್ದಾರಿಯನ್ನೂ ಹೊತ್ತರು.

ನಮ್ಮ ಸಭೆಯಲ್ಲಿ ಆ ಬಾರಿನ ಹುಡುಗನಿಗೆ ನಾವು ಮೂವರು ಸೇರಿ ಪ್ಲಂಬಿಂಗ್ ಸಾಮಾನು ಕೊಡಿಸಿದೆವು. ಪೈಪ್ ರೆಂಚ್, ಹ್ಯಾಕ್ಸಾ, ಡ್ರಿಲ್ ಮಷೀನ್, ಒಂದು ಹಳೇ ಟಿವಿಎಸ್. ಅವನು ಬಾರ್ ಬಿಟ್ಟದ್ದು ಆಮೇಲೆ ಎಂಟು ತಿಂಗಳಿಗೆ. ಆ ಎಂಟು ತಿಂಗಳೂ ಪ್ರಭು ಭೋಜನಕ್ಕೆ, ಅಂದರೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಸಂಸ್ಕಾರಕ್ಕೆ, ಬರುತ್ತಿದ್ದ. ಅದು ತಪ್ಪು ಅಂತ ಒಬ್ಬರು ಹಿರಿಯರು ನನ್ನ ಜೊತೆ ಮಾತು ಬಿಟ್ಟಿದ್ದರು.

ವರದಕ್ಷಿಣೆ ನಾವು ಕೇಳಿಲ್ಲ, ಅವರೇ ಇಷ್ಟಪಟ್ಟು ಕೊಟ್ಟರು. ಅದೂ ತಪ್ಪಾ?

ಹೌದು. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಎಲ್ಲ ಧರ್ಮದವರಿಗೂ ಒಂದೇ, ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ. "ಇಷ್ಟಪಟ್ಟು" ಅನ್ನುವ ಮಾತಿನ ಹಿಂದೆ ಹುಡುಗಿಯ ಅಪ್ಪ ಯಾರ ಯಾರ ಹತ್ತಿರ ಕೈಸಾಲ ಮಾಡಿದ ಅಂತ ಒಮ್ಮೆ ಕೇಳಿ ನೋಡಿ. ಕಾರು ಬೇಡ ಅಂದು "ನಿಮ್ಮ ಮಗಳಿಗೆ ಏನು ಹಾಕ್ತೀರೋ ನಿಮ್ಮಿಷ್ಟ" ಅನ್ನುವವರು ಇನ್ನೂ ಜಾಣರು.

ಚರ್ಚಿನಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಪ್ರಕಟಣೆ ಓದುತ್ತಾರೆ. ಈ ಮದುವೆಗೆ ಅಡ್ಡಿ ಇದ್ದರೆ ಈಗಲೇ ತಿಳಿಸಿ ಅಂತ. ನಲವತ್ತು ವರ್ಷದಲ್ಲಿ ಒಬ್ಬರೂ ಎದ್ದು "ಹುಡುಗನ ಮನೆಯವರು ಹತ್ತು ಲಕ್ಷ ತೆಗೆದುಕೊಂಡಿದ್ದಾರೆ" ಅಂದದ್ದನ್ನು ನಾನು ಕೇಳಿಲ್ಲ. ಎಲ್ಲರಿಗೂ ಗೊತ್ತಿರುತ್ತದೆ.

ಮಗಳಿಗೆ ಕೊಡಲೇಬೇಕು ಅನ್ನುವ ಆಸೆ ಇದ್ದರೆ ಆಸ್ತಿಯಲ್ಲಿ ಪಾಲು ಕೊಡಿ. ವಿಲ್ ಬರೆಯದೆ ತಂದೆ ತೀರಿಕೊಂಡರೆ 1925ರ ಇಂಡಿಯನ್ ಸಕ್ಸೆಷನ್ ಆ್ಯಕ್ಟ್ ಪ್ರಕಾರ ಮಗ, ಮಗಳು ಇಬ್ಬರಿಗೂ ಸಮ ಪಾಲು. ಕೇರಳದ ಸಿರಿಯನ್ ಕ್ರೈಸ್ತ ಹೆಣ್ಣುಮಕ್ಕಳಿಗೆ ಇದು ಸಿಗಲು ಮೇರಿ ರಾಯ್ ಸುಪ್ರೀಂ ಕೋರ್ಟಿನವರೆಗೂ ಹೋಗಬೇಕಾಯಿತು, ತೀರ್ಪು ಬಂದದ್ದು 1986ರಲ್ಲಿ. ಕಾನೂನು ಕೈಯಲ್ಲಿದ್ದೂ "ಅಣ್ಣನಿಗೆ ಬಿಟ್ಟುಕೊಡು" ಅಂತ ಮಗಳ ಹತ್ತಿರ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವವರು ನಮ್ಮ ಪ್ರಾರ್ಥನಾ ಕೂಟದಲ್ಲೇ ಇದ್ದಾರೆ.

ಸಭೆಯ ಒಳಗೇ ಜಾತಿ ಇದೆಯಲ್ಲ?

ಇದೆ. ಇಲ್ಲ ಅನ್ನುವವರು ಮಗನಿಗೆ ಹೆಣ್ಣು ಹುಡುಕುವಾಗ ನಿಜ ಹೇಳುತ್ತಾರೆ. ದಕ್ಷಿಣ ಭಾರತದಲ್ಲಿ ಸಮಾಧಿ ಭೂಮಿಗೂ ಗೋಡೆ ಕಟ್ಟಿದ ಚರ್ಚುಗಳಿವೆ. ಕ್ರಿಸ್ತನಲ್ಲಿ ಯೆಹೂದ್ಯ, ಗ್ರೀಕ ಅನ್ನುವ ಭೇದ ಇಲ್ಲ ಅಂತ ಗಲಾತ್ಯದವರಿಗೆ ಬರೆದ ಪತ್ರವನ್ನು ಓದಿದ ನಾಲಿಗೆಯಲ್ಲೇ "ಅವರು ನಮ್ಮ ಕಡೆಯವರಲ್ಲ" ಅನ್ನುತ್ತೇವೆ. ಹೊರಗೆ, 1950ರ ರಾಷ್ಟ್ರಪತಿ ಆದೇಶದಿಂದಾಗಿ ದಲಿತ ಕ್ರೈಸ್ತರಿಗೆ ಪರಿಶಿಷ್ಟ ಜಾತಿಯ ಸೌಲಭ್ಯ ಇಲ್ಲ. ಕ್ರೈಸ್ತರಲ್ಲಿ ಜಾತಿ ಇಲ್ಲ ಅಂತ ಸರ್ಕಾರದ ಕಾಗದ ಹೇಳುತ್ತದೆ, ಸಭೆಯ ಬೆಂಚು ಬೇರೆಯೇ ಹೇಳುತ್ತದೆ. ಎರಡೂ ಕಡೆ ಏಟು ತಿನ್ನುವವರು ಅವರೇ. ಸಮಾಜ ಕೆಟ್ಟಿದೆ ಅಂತ ಬೋಧನೆ ಮಾಡುವ ಮುಂಚೆ ಈ ಒಂದು ವಿಷಯಕ್ಕೆ ನಾವು ತಲೆ ತಗ್ಗಿಸಬೇಕು.

ಪಕ್ಕದ ಮನೆಯವರು ಹಬ್ಬದ ಅಡುಗೆ ಕೊಟ್ಟರೆ ತಿನ್ನಬಹುದಾ? ಆಫೀಸಿನ ಆಯುಧಪೂಜೆಗೆ ನಿಲ್ಲಬಹುದಾ?

ಒಂದನೇ ಕೊರಿಂಥ 8 ಮತ್ತು 10ನೇ ಅಧ್ಯಾಯ ಪೂರ್ತಿ ಈ ಪ್ರಶ್ನೆಗೇ ಇವೆ. ಪೌಲ ಹೇಳುವುದು, ಕರೆದರೆ ಹೋಗಿ, ಬಡಿಸಿದ್ದನ್ನು ವಿಚಾರಣೆ ಮಾಡದೆ ತಿನ್ನಿ. ಇದು ವಿಗ್ರಹಕ್ಕೆ ಅರ್ಪಿಸಿದ್ದು ಅಂತ ಯಾರಾದರೂ ಹೇಳಿದರೆ ಅವರ ಮನಸ್ಸಾಕ್ಷಿಗಾಗಿ ಬಿಡಿ. ಕೆಲವು ಸಭೆಯವರು ಏನೂ ಮುಟ್ಟುವುದಿಲ್ಲ, ಕ್ಯಾಥೊಲಿಕರಲ್ಲಿ ಅಷ್ಟು ಬಿಗಿ ಇರುವುದಿಲ್ಲ. ನಾನು ಹೋಳಿಗೆ ತಿನ್ನುತ್ತೇನೆ, ಪೂಜೆಗೆ ಇಟ್ಟ ಪ್ರಸಾದವನ್ನು ಕೈಮುಗಿದು ಬೇಡ ಅನ್ನುತ್ತೇನೆ.

ನಮ್ಮ ಪಕ್ಕದ ಮನೆಯ ಅಮ್ಮ ಯುಗಾದಿಗೆ ಹೋಳಿಗೆ, ಸಂಕ್ರಾಂತಿಗೆ ಎಳ್ಳುಬೆಲ್ಲ ಕಳಿಸುತ್ತಾರೆ. ಒಮ್ಮೆ ನನ್ನ ಮಗಳು ಬಾಗಿಲಲ್ಲೇ "ಅಜ್ಜಿ, ಇದು ದೇವರಿಗೆ ಇಟ್ಟಿದ್ದಾ?" ಅಂತ ಕೇಳಿಬಿಟ್ಟಳು. ನಾನು ಒಳಗೆ ನಾಚಿ ಸತ್ತೆ. ಅವರು ನಕ್ಕು, "ನಿಮ್ಮನೆಗೆ ಅಂತ ನೈವೇದ್ಯಕ್ಕೆ ಮುಂಚೇನೇ ಬೇರೆ ಡಬ್ಬಿಗೆ ತೆಗೆದಿಡ್ತೀನಿ ಕಣಮ್ಮ, ಹನ್ನೆರಡು ವರ್ಷದಿಂದ" ಅಂದರು. ನಮ್ಮ ನಂಬಿಕೆಯನ್ನು ನಮಗೆ ಗೊತ್ತಿಲ್ಲದ ಹಾಗೆ ಕಾಪಾಡಿದವರು ಅವರು. ಅವತ್ತಿನಿಂದ ಕ್ರಿಸ್ಮಸ್‌ಗೆ ಅವರಿಗೆ ಮೊಟ್ಟೆ ಇಲ್ಲದ ಕೇಕ್ ಬೇರೆ ಮಾಡುತ್ತೇವೆ. ಅದಕ್ಕೂ ಮುಂಚೆ ಹನ್ನೆರಡು ವರ್ಷ ಮೊಟ್ಟೆ ಹಾಕಿದ್ದನ್ನೇ ಕಳಿಸುತ್ತಿದ್ದೆವು. ಏನು ಮಾಡುತ್ತಿದ್ದರೋ, ಕೇಳುವ ಧೈರ್ಯ ಆಗಿಲ್ಲ.

ಆಯುಧಪೂಜೆಗೆ ಎರಡನೇ ಅರಸುಗಳು 5ನೇ ಅಧ್ಯಾಯದ ನಾಮಾನ ಅನ್ನುವ ಪರದೇಶದ ಸೇನಾಪತಿಯನ್ನು ನೆನೆಯಿರಿ. ಕುಷ್ಠ ಗುಣವಾಗಿ ಇಸ್ರಾಯೇಲಿನ ದೇವರನ್ನು ನಂಬಿದ ಮೇಲೆ ಅವನು, ನನ್ನ ರಾಜ ನನ್ನ ಕೈ ಊರಿಕೊಂಡು ಗುಡಿಗೆ ಹೋಗುವಾಗ ನಾನೂ ಬಗ್ಗಬೇಕಾಗುತ್ತದೆ, ಕ್ಷಮಿಸಲಿ ಅಂದ. ಪ್ರವಾದಿ ಎಲೀಷ ಉಪನ್ಯಾಸ ಕೊಡಲಿಲ್ಲ, ಸಮಾಧಾನದಿಂದ ಹೋಗು ಅಂದ. ಸಹೋದ್ಯೋಗಿಗಳ ಜೊತೆ ನಿಂತು, ಕಡ್ಲೆಪುರಿ ಹಂಚಲು ಕೈಜೋಡಿಸಿ, ನಿಮ್ಮ ಮನಸ್ಸು ಒಪ್ಪದ ಕ್ರಿಯೆಯನ್ನು ಮಾತ್ರ ಬಿಡಿ. ಬಹಳ ಕಡೆ ಯಾರೂ ಗಮನಿಸುವುದೂ ಇಲ್ಲ.

ಕ್ರಿಸ್ಮಸ್ ವೈನ್ ಒಂದು ಲೋಟ ಕುಡಿದರೆ ಏನಾಗುತ್ತೆ?

ಕೆಲವರಿಗೆ ಏನೂ ಆಗುವುದಿಲ್ಲ. ಕರಾವಳಿಯ ಮನೆಗಳಲ್ಲಿ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ, ತಟ್ಟೆಯ ಪಕ್ಕ ಮನೆಯಲ್ಲೇ ಮಾಡಿದ ದ್ರಾಕ್ಷಿ ವೈನ್ ಇರುತ್ತದೆ, ನೆಂಟರು ಒಂದು ಗುಟುಕು ಕುಡಿದು ಹೋಗುತ್ತಾರೆ. ಎಫೆಸದವರಿಗೆ ಬರೆದ ಪತ್ರ ಬೇಡ ಅನ್ನುವುದು ಮತ್ತರಾಗುವುದನ್ನು. ಆದರೆ ನಿಮ್ಮ ಮನೆಗೆ ಬರುವವರಲ್ಲಿ ಒಬ್ಬ ಕುಡಿತ ಬಿಟ್ಟು ಮೂರು ತಿಂಗಳಾದವನು ಇದ್ದರೆ ಆ ಲೋಟ ಅವತ್ತು ಹೊರಗೆ ಬರಬಾರದು, ಅಷ್ಟು ಸರಳ.

ಕುಡಿತಕ್ಕೆ ಸಿಕ್ಕಿದವರಿಗೆ ಬರೀ ಪ್ರಾರ್ಥನೆ ಸಾಕು ಅನ್ನುವವರ ಮಾತು ಕೇಳಬೇಡಿ. ಅದು ಕಾಯಿಲೆಯೂ ಹೌದು. ಡಾಕ್ಟರ್ ಬೇಕು, ಕುಡಿತ ಬಿಡುವವರೇ ಸೇರುವ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳು ಬೇಕು. ಹೆಂಡತಿ, ಮಕ್ಕಳಿಗೆ ಅಲ್‌-ಅನಾನ್ ಅನ್ನುವ ಕೂಟ ಇದೆ.

ಮಕ್ಕಳು ಮೊಬೈಲ್‌ನಲ್ಲಿ ಏನೇನೋ ನೋಡುತ್ತಾರೆ. ಕಿತ್ತುಕೊಳ್ಳಬೇಕಾ?

ಕಿತ್ತುಕೊಂಡರೆ ಗೆಳೆಯನ ಫೋನ್‌ನಲ್ಲಿ ನೋಡುತ್ತಾರೆ. ನಮ್ಮ ಮನೆಯಲ್ಲಿ ರಾತ್ರಿ ಎಂಟೂವರೆಗೆ ಕುಟುಂಬ ಪ್ರಾರ್ಥನೆ. ಅಮ್ಮನ ಕಾಲದ ಹಿತ್ತಾಳೆ ಸೇರು ಒಂದಿದೆ, ಎಲ್ಲರ ಫೋನೂ ಅದರೊಳಗೆ. ಮೊದಲು ನನ್ನದು. ಹಾಗೆ ಮಾಡುವ ಮುಂಚೆ ಎರಡು ವರ್ಷ ಮಕ್ಕಳಿಗೆ ಬೈಯುತ್ತಾ ನಾನೇ ಪ್ರಾರ್ಥನೆ ನಡುವೆ ಗಿರಾಕಿ ಮೆಸೇಜ್ ನೋಡುತ್ತಿದ್ದೆ.

ಜೂಜಿನ ವಿಷಯ ಬೇರೆ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ಮಾಡಿ ನಿಷೇಧಿಸಿದೆ, ಆದರೂ ಕದ್ದು ಆಡುವವರಿದ್ದಾರೆ. ಮಗ ಗುಟ್ಟಾಗಿ ಸಾಲ ಮಾಡಿದ್ದಾನೆ ಅಂತ ಗೊತ್ತಾದ ದಿನ ಹೊಡೆಯಬೇಡಿ. ಒಟ್ಟು ಎಷ್ಟು ಅಂತ ಕೂತು ಬರೆಸಿ, ಮೊದಲ ಸಲ ಹೇಳುವ ಮೊತ್ತ ಯಾವತ್ತೂ ಪೂರ್ತಿ ಇರುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನ್, ಗೇಮ್ ಚಟಕ್ಕೆ ಅಂತಲೇ 2014ರಿಂದ ಶಟ್ ಕ್ಲಿನಿಕ್ ಇದೆ. ಊರಿನಿಂದಲೇ ಮಾತಾಡಬೇಕಾದರೆ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ, 14416.

ವಾಟ್ಸಾಪ್‌ನಲ್ಲಿ ಬಂದ ಕ್ರೈಸ್ತ ಸುದ್ದಿಯನ್ನು ಕಳಿಸಿದರೆ ಒಳ್ಳೆಯದೇ ಅಲ್ವಾ?

ಸುಳ್ಳಾಗಿದ್ದರೆ ಅಲ್ಲ. ಸುಳ್ಳು ಸಾಕ್ಷಿ ಹೇಳಬೇಡ ಅನ್ನುವ ಆಜ್ಞೆ ಪ್ರೊಟೆಸ್ಟೆಂಟರ ಎಣಿಕೆಯಲ್ಲಿ ಒಂಬತ್ತನೆಯದು, ಕ್ಯಾಥೊಲಿಕರ ಎಣಿಕೆಯಲ್ಲಿ ಎಂಟನೆಯದು, ಫಾರ್ವರ್ಡ್ ಬಟನ್‌ಗೆ ಎರಡರಲ್ಲೂ ರಿಯಾಯಿತಿ ಇಲ್ಲ.

ಭಾನುವಾರ ಡ್ಯೂಟಿ ಇದೆ, ಏನು ಮಾಡಲಿ?

ನರ್ಸ್, ಡ್ರೈವರ್, ಪೊಲೀಸ್ ಆದರೆ ಡ್ಯೂಟಿ ಮಾಡಿ. ಸಂಜೆಯ ಆರಾಧನೆಗೆ ಹೋಗಿ, ಕ್ಯಾಥೊಲಿಕರಾದರೆ ಶನಿವಾರ ಸಂಜೆಯ ಬಲಿಪೂಜೆಯೂ ಇದೆ. ನಿಮ್ಮ ಮನೆ ಕೆಲಸದವರಿಗೆ ವಾರಕ್ಕೆ ಒಂದು ದಿನ ರಜೆ ಕೊಟ್ಟಿದ್ದೀರಾ ಅನ್ನುವುದನ್ನು ಮಾತ್ರ ಜೊತೆಗೇ ನೋಡಿಕೊಳ್ಳಿ. ನಾಲ್ಕನೇ ಆಜ್ಞೆಯಲ್ಲಿ ಆಳು, ದಾಸಿ, ಎತ್ತು, ಕತ್ತೆ ಎಲ್ಲರಿಗೂ ವಿಶ್ರಾಂತಿ ಬರೆದಿದೆ, ಧಣಿಗೊಬ್ಬನಿಗೇ ಅಲ್ಲ. (ಇದು ಪ್ರೊಟೆಸ್ಟೆಂಟರ ಎಣಿಕೆ. ಕ್ಯಾಥೊಲಿಕರಿಗೆ ಮೂರನೆಯದು. ಮತ್ತೆ ಫೋನ್ ಮಾಡಬೇಡಿ.)

ಸಭೆಯ ನಾಯಕರೇ ತಪ್ಪು ಮಾಡಿದರೆ? ಸುವಾರ್ತೆಗೆ ಕೆಟ್ಟ ಹೆಸರು ಬರುತ್ತೆ ಅಂತ ಸುಮ್ಮನಿರಬೇಕಾ?

ಹಣದ ವಿಷಯ ಆದರೆ ವರ್ಷದ ಲೆಕ್ಕ ಓದುವ ದಿನ ಎದ್ದು ಕೇಳಿ. ಆಡಿಟ್ ಆದ ಲೆಕ್ಕ ಕೇಳುವುದು ದಂಗೆ ಅಲ್ಲ. ತಲೆ ಮೇಲೆ ಎಣ್ಣೆ ಹಾಕಿ ಸಾಲ ತೀರುತ್ತೆ ಅನ್ನುವವರಿಗೆ ಕಾಣಿಕೆ ಕೊಡುವುದನ್ನು ನಿಲ್ಲಿಸಿ.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ವಿಷಯ ಆದರೆ ಪ್ರಾರ್ಥನಾ ಸಮಿತಿ, ಹಿರಿಯರ ಸಭೆ, ರಾಜಿ ಯಾವುದೂ ಬೇಡ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೇ ಅಪರಾಧ. ಮಕ್ಕಳ ಸಹಾಯವಾಣಿ 1098. ಕೆಟ್ಟ ಹೆಸರು ಬರುವುದು ಹೇಳಿದ್ದರಿಂದ ಅಲ್ಲ, ಮಾಡಿದ್ದರಿಂದ. ಸಂಡೇ ಸ್ಕೂಲ್ ನಡೆಸುವವನಾಗಿ ಹೇಳುತ್ತೇನೆ, ನಮ್ಮ ತರಗತಿಯ ಬಾಗಿಲು ಯಾವತ್ತೂ ತೆರೆದೇ ಇರುತ್ತದೆ, ಒಳಗೆ ಇಬ್ಬರು ದೊಡ್ಡವರು ಇರುತ್ತಾರೆ.

ಇಷ್ಟು ದಿನ ತಪ್ಪು ಮಾಡಿದ್ದೇನೆ. ದೇವರ ಹತ್ತಿರ ಕ್ಷಮೆ ಕೇಳಿದರೆ ಮುಗಿಯಿತಾ?

ದೇವರ ಕಡೆಯಿಂದ ಮುಗಿಯಿತು ಅಂತಲೇ ನಂಬುತ್ತೇನೆ. ಆದರೆ ಲೂಕ 19ನೇ ಅಧ್ಯಾಯದಲ್ಲಿ ಬರುವ ಸುಂಕದವನು ಜಕ್ಕಾಯ ಅಷ್ಟಕ್ಕೆ ನಿಲ್ಲಲಿಲ್ಲ. ಯೇಸು ಮನೆಗೆ ಬಂದ ದಿನ ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕು ಪಟ್ಟು ವಾಪಸ್ ಅಂದ. ಇದನ್ನು ಸಂಡೇ ಸ್ಕೂಲ್‌ನಲ್ಲಿ ಕಲಿಸುವಾಗ ಒಬ್ಬ ಹುಡುಗ, "ಅಂಕಲ್, ನೀವು ಯಾರಿಗಾದ್ರೂ ಕೊಟ್ಟಿದ್ದೀರಾ?" ಅಂತ ಕೇಳಿದ. ಮಕ್ಕಳಿಗೆ ಕಲಿಸುವುದರಲ್ಲಿ ಇರುವ ಅಪಾಯ ಇದೇ.

ಇತ್ತು ಒಂದು ಲೆಕ್ಕ. ಅಂಗಡಿ ಹೊಸದರಲ್ಲಿ ಒಬ್ಬ ಅಜ್ಜಿ ಸರ್ಕಾರಿ ಸಹಾಯಧನದಲ್ಲಿ ಚಿಕ್ಕ ಮನೆ ಕಟ್ಟಿಸುತ್ತಿದ್ದರು. ನನ್ನ ಹತ್ತಿರ ಸಾಲದಲ್ಲಿ ಸಾಮಾನು. 40 ಚೀಲ ಸಿಮೆಂಟ್ ಹೋಗಿತ್ತು, ಪುಸ್ತಕದಲ್ಲಿ 42 ಅಂತ ಬಿದ್ದಿತ್ತು. ಮೊದಲಿಗೆ ಕೈತಪ್ಪು. ಆಮೇಲೆ ನನಗೆ ಗೊತ್ತಾಯಿತು. ತಿದ್ದಲಿಲ್ಲ. ಅವರು ಕಂತು ಕಂತಾಗಿ ಪೂರ್ತಿ ಕಟ್ಟಿದರು.

ಆ ಹುಡುಗ ಕೇಳಿದ ವಾರ ಹಳೇ ಪುಸ್ತಕ ತೆಗೆದೆ. ಎರಡು ಚೀಲಕ್ಕೆ ಆರುನೂರು ಚಿಲ್ಲರೆ. ನಾಲ್ಕು ಪಟ್ಟು ಅಂತ ₹2,500 ತೆಗೆದುಕೊಂಡು ಅವರ ಮನೆಗೆ ಹೋದೆ. ಜಗಲಿ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. ವಿಷಯ ಹೇಳಿದೆ. ಗಂಟಲು ಕಟ್ಟಿತ್ತು.

ಅವರು ಕೈ ನಿಲ್ಲಿಸಲಿಲ್ಲ. "ನಂಗೊತ್ತಿತ್ತು ಕಣಪ್ಪ. ಚೀಲ ಇಳಿಸಿದ ದಿನಾನೇ ಎಣಿಸಿದ್ದೆ" ಅಂದರು.

"ಮತ್ತೆ ಯಾಕೆ ಕೇಳಲಿಲ್ಲ ಅಜ್ಜಿ?"

"ಕೇಳಿದ್ರೆ ಕಂಬಿಗೆ ಸಾಲ ಕೊಡ್ತಿದ್ಯಾ ನೀನು?"

ಕೈ ಸೆರಗಿಗೆ ಒರೆಸಿಕೊಂಡು ದುಡ್ಡು ತೆಗೆದುಕೊಂಡರು. ನನ್ನ ಮುಂದೆಯೇ ಎರಡು ಸಲ ಎಣಿಸಿದರು.